ಕಸೂತಿಯ ಹೆಡ್‌ಫೋನು

ಪುಟ್ಟೇನಹಳ್ಳಿಯಲ್ಲಿ ಹೇಮಂತನ ಮಹಡಿ ಕೋಣೆಗೆ ಹೋದವರು ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಮೊಬೈಲನ್ನು ಬಿಸ್ಕತ್ತಿನ ಡಬ್ಬಕ್ಕೆ ಹಾಕಬೇಕು. ಹೊಸ ಹೆಡ್‌ಫೋನು, ಸ್ಪೀಕರುಗಳನ್ನು ಕೇಳಿ ಒರೆಗೆ ಹಚ್ಚುವ ಗೆಳೆಯರ ಗುಂಪು ಅಲ್ಲಿ ಸೇರುತ್ತದೆ. ಕೇಳುವ ಹೊತ್ತಿಗೆ ಫ್ಯಾನ್ ಆರಿಸುತ್ತಾರೆ. ಕೆರೆಯ ಕಡೆಯ ಕಿಟಕಿ ಮುಚ್ಚುತ್ತಾರೆ. ಅನೀಸಾ ಹೇಳಿದಂತೆಲ್ಲ ಮಾಡಿ, ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಳು. ಅಲ್ಲಿಂದ ಎಲ್ಲರ ಮುಖವೂ ಕಾಣುತ್ತಿತ್ತು. ಎಲ್ಲಿ ಹೋದರೂ ಅವಳು ಹುಡುಕುವುದು ಅಂಥದೇ ಜಾಗವನ್ನು.

ಅವಳು ತಂದ ಪೆಟ್ಟಿಗೆ ಮೇಜಿನ ಮೇಲಿತ್ತು. ಒಳಗಿನ ಹೆಡ್‌ಫೋನು ಅವಳದೇ ವಿನ್ಯಾಸ. ಕಿವಿಯ ಎರಡೂ ಬಟ್ಟಲುಗಳ ಹೊರಮೈಗೆ ಹಿತ್ತಾಳೆಯ ಬಳೆ, ಬಳೆಯೊಳಗೆ ಬಿಗಿದು ಕೂರಿಸಿದ ಕಡುಹಸಿರು ರೇಷ್ಮೆ, ರೇಷ್ಮೆಯ ಮೇಲೆ ಅವಳ ಅಮ್ಮ ಸಬೀರಾ ಜರಿಯಲ್ಲಿ ಹೊಲಿದ ಬಳ್ಳಿ. ಅದು ಮಾರುಕಟ್ಟೆಗೆ ಹೋಗಬೇಕೋ, ಇನ್ನೊಬ್ಬರು ಮಾಡಿದ ಕಪ್ಪು ಜಾಲರಿಯ ಮಾದರಿ ಹೋಗಬೇಕೋ ಎಂಬುದನ್ನು ಈ ಗುಂಪು ಏನೆನ್ನುತ್ತದೆಂದು ಕೇಳಿಯೇ ತೀರ್ಮಾನಿಸುವುದೆಂದು ಹೆಬ್ಬಾಳದ ಅವಳ ಕಂಪನಿಯ ಮಾಲೀಕ ಮನೋಹರ್ ಹೇಳಿದ್ದರು.

"ನೀವೇ ಮಾಡಿದ್ದು ಅಂತ ಮಾತ್ರ ಬಾಯಿ ಬಿಡ್ಬೇಡಿ ಅನೀಸಾ. ಮಾಡಿದವರು ಎದುರಿಗಿದ್ರೆ ಯಾರೂ ನಿಜ ಹೇಳಲ್ಲ. ನೀವು ಪೆಟ್ಟಿಗೆ ತಂದುಕೊಟ್ಟವರು, ಅಷ್ಟೇ," ಎಂದೂ ಎಚ್ಚರಿಸಿದ್ದರು.

ಹೇಮಂತ ಮುಚ್ಚಳ ತೆಗೆದ. ಅವನ ಗೆಳೆಯ ಜೀಷಾನ್ ಗಟ್ಟಿಯಾಗಿ ನಕ್ಕ.

"ಮಚ್ಚಾ, ಇದು ಹೆಡ್‌ಫೋನಾ, ಮದುವೆ ಸೆಟ್ಟಾ?"

"ಹಾಕ್ಕೊಂಡು ಬೀದಿಗೆ ಹೋಗು ಮಗಾ, ಆರತಿ ಎತ್ತಿ ಒಳಗೆ ಕರ್ಕೊಳ್ತಾರೆ," ಎಂದ ಹೇಮಂತ.

ಗುಂಪಿನ ಹಿರಿಯರಾದ ರಾಜಾನುಕುಂಟೆಯ ಮುನಿಗಂಗಪ್ಪನವರು ಅದನ್ನು ಎರಡೂ ಕೈಯಲ್ಲಿ ಎತ್ತಿ ನೋಡಿದರು. ಊರಿನ ಹಳೆಯ ಮನೆಯಲ್ಲಿ, ದನ ಕಟ್ಟುತ್ತಿದ್ದ ಜಾಗದಲ್ಲಿ, ಆಳೆತ್ತರದ ಸ್ಪೀಕರ್ ನಿಲ್ಲಿಸಿಕೊಂಡಿದ್ದವರು ಅವರು. "ನಮ್ಮ ಸೊಸೆ ಕಂಡ್ರೆ ಬೀರುವಾಗೆ ಇಟ್ಟು ಬೀಗ ಆಕ್ಬಿಡ್ತಾಳೆ ಕಣ್ರಪ್ಪ. ಆಡು ಕೇಳಕ್ಕೆ ಎಲ್ಲಿ ಬಿಡ್ತಾಳೆ!"

ಅನೀಸಾಳೂ ನಕ್ಕಳು. ಪೆಟ್ಟಿಗೆ ತಂದುಕೊಟ್ಟವರು ಎಷ್ಟು ನಗಬಹುದೋ ಅಷ್ಟು. ನೋವಾಗುತ್ತದೆಂದು ರಾತ್ರಿಯೆಲ್ಲ ಹೆದರಿದ್ದಳು, ಆಗಲಿಲ್ಲ. ಹಲ್ಲು ಕೀಳಿಸಿಕೊಂಡ ದಿನ ಕೆನ್ನೆ ಮುಟ್ಟಿಕೊಂಡರೆ ಬೇರೆ ಯಾರದ್ದೋ ಕೆನ್ನೆ ಅನ್ನಿಸುತ್ತದಲ್ಲ, ಹಾಗಿತ್ತು.

ಪೆಟ್ಟಿಗೆಯ ತಳದಲ್ಲಿದ್ದ ಮಡಿಸಿದ ಕಾಗದವನ್ನು ಹೇಮಂತ ತೆರೆಯದೆ ಪಕ್ಕಕ್ಕಿಟ್ಟ. "ಕಂಪನಿಯವ್ರು ಬರೆದದ್ದನ್ನ ನಾವು ಓದಲ್ಲ ಮೇಡಂ. ಓದಿದ್ರೆ ಕಿವಿ ಅವರ ಮಾತು ಕೇಳೋಕೆ ಶುರು ಮಾಡುತ್ತೆ."

"ಇನ್ನೊಂದು ರೂಲ್ ಇದೆ," ಎನ್ನುತ್ತ ಜೀಷಾನ್ ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದ. "ಫ್ಯಾಷನ್ ಐಟಂ ಬಂದ್ರೆ ಮೇಕಪ್ ತೆಗೆದು ಕೇಳೋದು. ಬಟ್ಟೆ ಅಡ್ಡ ಇದ್ರೆ ಸೌಂಡ್ ಉಸಿರಾಡೋದು ಹೇಗೆ?"

ಆ ಬಟ್ಟೆ ಬರೀ ಅಲಂಕಾರಕ್ಕೆ ಇರಲಿಲ್ಲ. ಬಟ್ಟಲಿನ ಹಿಂಬದಿಯಿಂದ ಎಷ್ಟು ಗಾಳಿ ಹೊರಗೆ ಹೋಗಬೇಕೆಂಬುದನ್ನು ಅದರ ನೇಯ್ಗೆಯೇ ತೀರ್ಮಾನಿಸುತ್ತಿತ್ತು. ತೀರಾ ತೆಳುವಾದರೆ ಸ್ವರ ಚುಚ್ಚುತ್ತದೆ, ದಪ್ಪವಾದರೆ ಮಂಕಾಗುತ್ತದೆ. ಬಳ್ಳಿಯ ಎಲೆಗೂ ಎಲೆಗೂ ನಡುವೆ ಎಷ್ಟು ಖಾಲಿ ಬಿಡಬೇಕೆಂದು ತಿಳಿಯಲು ಅವಳೂ ಅಮ್ಮನೂ ಚಳಿಗಾಲವಿಡೀ ಬಿಚ್ಚಿ ಬಿಚ್ಚಿ ಹೊಲಿದಿದ್ದರು. ಓದದೆ ಪಕ್ಕಕ್ಕಿಟ್ಟ ಕಾಗದದಲ್ಲಿ ಇದೆಲ್ಲ ಇತ್ತು.

ಈಗ ಹೇಳಬೇಕು ಎಂದುಕೊಂಡಳು. ಜೀಷಾನ್ ಎಡಗಡೆಯ ಬಳೆ ಸಡಿಲಿಸಿದ. ಈಗಲಾದರೂ. ಬಟ್ಟೆ ಸುಲಭಕ್ಕೆ ಬರಲಿಲ್ಲ, ಅವನು ಸ್ಕ್ರೂಡ್ರೈವರಿನ ತುದಿಯಿಂದ ಮೀಟಿದ. ಚಿಕ್ಕದಾಗಿ ಪರ್ರೆಂದ ಸದ್ದು ಅವಳಿಗೆ ಕೇಳಿಸಿತು. ಬಲಗಡೆಯದು ಹರಿಯದೆ ಬಂತು.

ಫ್ಯಾನ್ ಆರಿತು. ಒಬ್ಬರಾದ ಮೇಲೊಬ್ಬರು ತಮ್ಮ ತಮ್ಮ ಹಾಡು ಹಾಕಿಕೊಂಡು ಕಣ್ಣು ಮುಚ್ಚಿದರು. ಹೇಮಂತನ ಹುಬ್ಬು ಗಂಟಾದದ್ದನ್ನು, ಮುನಿಗಂಗಪ್ಪನವರು ಬಟ್ಟಲನ್ನು ಕಿವಿಯಿಂದ ಎತ್ತಿ ಹಿಡಿದದ್ದನ್ನು ಅವಳು ನೋಡಿದಳು.

"ಕಿವಿಗೆ ಗುಂಡುಸೂಜಿ," ಎಂದ ಜೀಷಾನ್. "ದುಡಿಮೆಯೆಲ್ಲ ಡ್ರೆಸ್ಸಿಗೇ ಹೋಗಿದೆ."

ಹೇಮಂತ ಡಬ್ಬದಿಂದ ಮೊಬೈಲ್ ತೆಗೆದು, ಗುಂಪಿನ ಪರವಾಗಿ ಮನೋಹರ್‌ಗೆ ಧ್ವನಿ ಸಂದೇಶ ಕಳಿಸಿದ. ನೋಡೋಕೆ ಒಡವೆ, ಕೇಳೋಕೆ ತಗಡು, ಇದು ಬೇಡ.

"ಅಲ್ಲಮ್ಮಾ," ಎಂದರು ಮುನಿಗಂಗಪ್ಪನವರು, ಮರ್ಯಾದೆಗೆ ಮಾತಾಡಿಸುವವರಂತೆ, "ನೀವೂ ಒಂದು ಕಿತ ಕೇಳಿ. ತಂದವರು ಕೇಳ್ದೆ ವಾಪಸ್ ಓಯ್ತೀರಾ?"

"ನಾನು ಕೇಳಿದ್ದೀನಿ," ಎಂದಳು ಅನೀಸಾ. ಅವಳ ದನಿ ಸಪಾಟಾಗಿತ್ತು. "ಬಟ್ಟೆ ಇದ್ದಾಗ. ಅದು ಅಲಂಕಾರಕ್ಕಲ್ಲ, ಸೌಂಡಿಗೆ."

"ನಿಮಗ್ಯಾರು ಹೇಳಿದ್ರು?" ಎಂದ ಹೇಮಂತ.

"ಯಾರೂ ಹೇಳಿಲ್ಲ. ನಾನೇ ಮಾಡಿದ್ದು."

ಮುಚ್ಚಿದ ಕಿಟಕಿಯಾಚೆ ಯಾವುದೋ ನೀರುಹಕ್ಕಿ ಕೂಗಿತು. ಜೀಷಾನ್ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟು, ಮತ್ತೆ ಎತ್ತಿಕೊಂಡು ಬಲಗಡೆಯ ಬಟ್ಟೆಯನ್ನು ಮೊದಲಿದ್ದಂತೆ ಕೂರಿಸಿದ. ಎಡಗಡೆಯದು ಅಂಚಿನಿಂದ ಬಳ್ಳಿಯ ನಡುವಿನವರೆಗೆ ಹರಿದಿತ್ತು. ಅದನ್ನು ಕೂರಿಸಲಾಗಲಿಲ್ಲ.

ಮತ್ತೆ ಫ್ಯಾನ್ ಆರಿಸಿದರು. ಈ ಸಲ ಹೇಮಂತ ಬಲಗಿವಿಯಲ್ಲಷ್ಟೇ ಕೇಳಿದ. ಹಾಡು ಮುಗಿದರೂ ತೆಗೆಯಲಿಲ್ಲ.

"ಗುರು," ಎಂದ ಕೊನೆಗೆ, "ಇದು ಬೇರೆಯದೇ ಹೆಡ್‌ಫೋನ್."

ಮುನಿಗಂಗಪ್ಪನವರು ಕೇಳಿ ತಲೆದೂಗಿದರು. "ನಾವು ಸೀರೆ ನೋಡಿ ಎಣ್ಣನ್ನ ಬೈದಂಗಾಯ್ತು," ಎಂದವರು, ಅವಳ ಕಡೆ ನೋಡಿ ಹೆಡ್‌ಫೋನನ್ನು ಮೆಲ್ಲಗೆ ಪೆಟ್ಟಿಗೆಯಲ್ಲಿಟ್ಟರು.

ಹೇಮಂತ ಅಲ್ಲೇ ಎರಡನೇ ಸಂದೇಶ ಕಳಿಸಿದ. ತಪ್ಪು ನಮ್ಮದು, ಬಟ್ಟೆ ಕಿತ್ತು ಕೇಳಿದ್ವಿ, ಕಸೂತಿಯದನ್ನೇ ಮಾಡಿ ಎಂದು ಬಿಡಿಸಿ ಹೇಳಿದ. ಅವನು ಮುಚ್ಚಿಡುವವನಲ್ಲ. ಅವರೇ ಡಿಸೈನರ್ ಅಂತ ಆಮೇಲೆ ಗೊತ್ತಾಯ್ತು ಎಂದೂ ಸೇರಿಸಿದ.

ಅನೀಸಾ ಮೆಟ್ಟಿಲಿಳಿಯುತ್ತಿದ್ದಾಗ ಮನೋಹರ್ ಫೋನ್ ಮಾಡಿದರು. ಬೈಯಲಿಲ್ಲ. ಅವರು ಬೈಯುವವರಲ್ಲ.

"ಹೇಳ್ಬೇಡಿ ಅಂದಿದ್ದೆ, ಹೇಳ್ಬಿಟ್ರಿ. ಮೊದಲನೇದು ಅವರ ಮಾತು, ಎರಡನೇದು ನಿಮ್ಮ ಮುಖ ನೋಡಿ ಆಡಿದ್ದು. ನಾನು ಯಾವುದನ್ನ ನಂಬಲಿ ಹೇಳಿ? ಕಪ್ಪು ಜಾಲರಿದೇ ಮಾಡೋಣ. ನಾಳೆ ಫ್ಯಾಕ್ಟರಿಗೆ ಅಚ್ಚು ಹಾಕೋಕೆ ಕಳಿಸ್ತೀನಿ."

"ಸರಿ ಸರ್," ಎಂದಳು.

ಸುಮ್ಮನಿದ್ದಿದ್ದರೆ ಬೇಡವೆಂಬ ಮೊದಲನೆಯ ಮಾತೇ ಉಳಿಯುತ್ತಿತ್ತು. ಬಾಯಿ ಬಿಟ್ಟಿದ್ದಕ್ಕೆ ಎರಡನೆಯದರ ಬೆಲೆ ಹೋಯಿತು. ಸ್ಕ್ರೂಡ್ರೈವರ್ ಹೊರಬಂದ ಆ ಗಳಿಗೆಯಲ್ಲಿ ಹೇಳಿದ್ದರೂ ಇಷ್ಟೇ ಆಗುತ್ತಿತ್ತೇನೋ. ಲೆಕ್ಕ ಹಾಕಿದಂತೆ ಯೋಚಿಸಿದಳು. ಅಳು ಬರಬಹುದೆಂದು ಗೇಟಿನ ಬಳಿ ಸ್ವಲ್ಪ ಹೊತ್ತು ನಿಂತಳು, ಬರಲಿಲ್ಲ.

"ಆಪಾ!" ಅಕ್ಕನನ್ನು ಕರೆಯುವಂತೆ ಕೂಗುತ್ತ ಜೀಷಾನ್ ಹಿಂದಿನಿಂದ ಓಡಿ ಬಂದಿದ್ದ. ಹರಿದ ಹಸಿರು ತುಂಡು ಅವನ ಅಂಗೈಯಲ್ಲಿತ್ತು. "ನಮ್ಮಮ್ಮೀನೂ ಇದೇ ಕೆಲಸ ಮಾಡೋದು, ಜರಿ. ಮನೆ ತುಂಬ ಇದೇ. ಅದಕ್ಕೇ ನೋಡಿದ ತಕ್ಷಣ ಅಲಂಕಾರ ಅಂದ್ಕೊಂಡ್ಬಿಟ್ಟೆ." ಅವನು ತಲೆ ಎತ್ತಲಿಲ್ಲ. "ಕೊಟ್ರೆ ಅಮ್ಮಿ ಹತ್ರ ಹೊಲಿಸಿಕೊಡ್ತೀನಿ. ಹರಿದಿತ್ತು ಅಂತ ಗೊತ್ತೇ ಆಗಲ್ಲ."

ಹೊಲಿದರೆ ಎಳೆಗಳ ನಡುವಿನ ಸಂದು ಮುಚ್ಚಿಹೋಗುತ್ತದೆ, ಗಾಳಿ ಆಡುವುದಿಲ್ಲ, ಆ ಕಿವಿಗೆ ಇನ್ನು ಸ್ವರ ಸರಿಯಾಗಿ ಬರುವುದಿಲ್ಲ. ಹೇಳಬಹುದಿತ್ತು.

"ಹೊಲಿಸಿ," ಎಂದಳು ಅನೀಸಾ. "ನೋಡೋಕೆ ಚೆನ್ನಾಗಿರುತ್ತೆ."