ಮೂರು ಅಡ್ಡ, ಮೇಲೊಂದು ಚೂರು

ಅಂಬಾದಾಸ ಮಿಸ್ತ್ರಿ ಸರಳನ್ನು ಬಗ್ಗಿಸಿ ಬಗ್ಗಿಸಿ ಎರಡೂ ತುದಿಗಳನ್ನು ಎದುರುಬದುರು ತಂದ. ಕೂಡಲಿಲ್ಲ. ನಡುವೆ ನಾಲ್ಕು ಬೆರಳು ತೂರುವಷ್ಟು ಬಾಯಿ ಉಳಿಯಿತು.

"ಇದೇನ್ರಿ ಮಿಸ್ತ್ರಿ, ಹಸಿದ ಕೂಸಿನಂಗ ಬಾಯಿ ತಕ್ಕೊಂಡು ಕುಂತೈತಿ!" ಅಂದಳು ನೆರೆಮನೆಯ ಬಸಲಿಂಗಮ್ಮ.

"ಸುಮ್ಕಿರಬೇ. ಸುತ್ತಿನ ಅಡ್ಡ ಅಗಲಕ್ಕ ಮೂರು ಪಟ್ಟು ಅಳದೇ ಕಡದೀನಿ."

"ದಿನಾ ಕಡೀತಿದ್ದೋರು ಯಾರು?"

ಅಂಬಾದಾಸ ಸರಳನ್ನು ಶೆಡ್ಡಿನ ಬಾಗಿಲಿಗೆ ಬಿಸಾಕಿದ.

ಕಡಿಯುತ್ತಿದ್ದವಳು ದುಡಿಯಲು ಬಂದ ನಗರದಂಚಿನ ಉಪ್ಪಲಿನಲ್ಲಿ, ತಗಡಿನ ಶೆಡ್ಡಿನ ಮುಂದೆ, ಕುರ್ಚಿಯಲ್ಲಿ, ಹೆಣವಾಗಿ ಕೂತಿದ್ದಳು. ಸಾಬಮ್ಮ ನಿನ್ನೆ ಮಧ್ಯಾಹ್ನ ಉಬ್ಬಸಕ್ಕೆ ಸತ್ತಿದ್ದಳು. ಕೂರಿಸಿಯೇ ಮಣ್ಣಿಗಿಡುವ ಮನೆತನ. ತಲೆಯ ಹಿಂದೆ ಎರಡಡಿ ಅಗಲದ ಸರಳಿನ ಸುತ್ತು ನಿಲ್ಲಿಸಿ ಚೆಂಡುಹೂ ಹೆಣೆಯಬೇಕಿತ್ತು. ಮಗಳು ಉಮಾಶ್ರೀ ತಾಯಿಯ ಕಾಲ ಬಳಿ ಕೂತು ಸರಳಿನ ಆ ಬಾಯನ್ನೇ ನೋಡುತ್ತಿದ್ದಳು.

ಬೆಳಿಗ್ಗೆ ಅವಳು ಕೇಳಿದ್ದು ಒಂದೇ. ಸರಳಿನ ಕೆಲಸದ ಮಿಸ್ತ್ರಿ ಸತ್ತರೆ, ಸರಳು ಬಗ್ಗಿಸುವ ಉದ್ದ ಹಿಡಿಯ ಚಾವಿಯನ್ನು ಜೊತೆಗಾರರು ಅವನ ತೊಡೆಯ ಮೇಲಿಟ್ಟು ಕಳಿಸುತ್ತಾರೆ.

"ಅವ್ವಗೂ ಇಡ್ರಿ ಕಾಕಾ."

"ಕೈಯಾಳಿಗೆ ಚಾವಿ ಇಡೂ ಪದ್ಧತಿ ಇಲ್ಲವ್ವ ತಂಗಿ. ಅದರಾಗ ಹೆಣ್ಮಗಳು," ಅಂದಿದ್ದ ಅಂಬಾದಾಸ.

ಅದೇ ನಗರದ ಮಾದಾಪುರದ ಗಾಜಿನ ಕಟ್ಟಡಗಳ ಗುಂಡುಕಂಬಗಳೊಳಗಿನ ರಿಂಗುಗಳಿಗೆ ಇಪ್ಪತ್ತು ವರ್ಷ ಸರಳು ಅಳೆದು ಕಡಿದವಳು ಸಾಬಮ್ಮ, ಬಗ್ಗಿಸಿದವನು ಅಂಬಾದಾಸ. ರಿಂಗುಗಳನ್ನು ಸಿಮೆಂಟು ನುಂಗಿತು. ಅವಳ ಹೆಸರನ್ನು, ಬಗ್ಗಿಸಿದವನು ನುಂಗಿದ.

*

ಉಮಾಶ್ರೀ ಎಂಟನೆಯ ತರಗತಿಯಲ್ಲಿದ್ದಾಗ ಒಂದು ಭಾನುವಾರ ಅವ್ವ ಸುತಳಿ ದಾರ ಹಿಡಿದು ಶೆಡ್ಡಿನಲ್ಲಿ ದುಂಡಗಿದ್ದದ್ದನ್ನೆಲ್ಲ ಅಳೆದಿದ್ದಳು. ರೊಟ್ಟಿ ಹಂಚು ಆಯಿತು, ಡಬ್ಬಿಯ ಮುಚ್ಚಳ ಆಯಿತು, ಕೊನೆಗೆ ನೀರಿನ ಡ್ರಮ್ಮು.

"ಇಲ್ನೋಡ. ಹಂಚಿನ ಸುತ್ತಿನಾಗ ಅದರ ಅಡ್ಡ ಮೂರು ಸಲ ಕುಂದರತೈತಿ. ಮ್ಯಾಲೊಂದು ಚೂರು ಉಳೀತೈತಿ. ಅಂಥಾ ಏಳು ಚೂರು ಕೂಡಿಸಿದ್ರ ಮತ್ತೊಂದು ಅಡ್ಡ. ಡ್ರಮ್ಮಿಗೂ ಅಷ್ಟ, ಮುಚ್ಚಳಕ್ಕೂ ಅಷ್ಟ. ದೊಡ್ಡೋರಿಗೊಂದು ಸಣ್ಣೋರಿಗೊಂದು ನ್ಯಾಯ ಇಲ್ಲ!"

"ನಮ್ಮ ಪುಸ್ತಕದಾಗ ಐತಬೇ. ಪೈ ಅಂತಾರ. ಏಳರ ಮ್ಯಾಲ ಇಪ್ಪತ್ತೆರಡು. ಅದೂ ಪೂರಾ ಅಲ್ಲ, ಸಮೀಪದ್ದು. ಖರೇ ಲೆಕ್ಕ ಮುಗಿಯೂದೇ ಇಲ್ಲಂತ."

"ನನ್ನ ಕೆಲಸದಂಗ." ಅವ್ವ ನಕ್ಕಿದ್ದಳು. ಆಮೇಲೆ ಸುತಳಿಯನ್ನು ಎಂದಿನಂತೆ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತ, "ಅದಕ್ಕೂ ಒಂದು ಹೆಸರಿಟ್ಟಾರ ನೋಡು. ಹಾಜರಿ ಪುಸ್ತಕದಾಗ ನನಗ ಬರೇ ಲೇಬರ್," ಅಂದಿದ್ದಳು.

*

ಉಮಾಶ್ರೀ ಎದ್ದಳು. ತಾಯಿಯ ಸೆರಗಿನ ಗಂಟು ಬಿಚ್ಚಿ ಸುತಳಿ ತೆಗೆದಳು. ಎರಡಡಿ ಅಳೆದು, ಹೊಸ ಸರಳಿನ ಮೇಲೆ ಮೂರು ಸಲ ಹಾಸಿದಳು. ಅದೇ ಎರಡಡಿಯನ್ನು ಏಳು ಸಮ ಮಡಿಕೆ ಮಾಡಿ, ಒಂದು ಮಡಿಕೆಯಷ್ಟು ಮುಂದೆ ಸರಿದು ಇಟ್ಟಿಗೆ ಚೂರಿನಿಂದ ಗೆರೆ ಎಳೆದಳು.

"ಇಲ್ಲಿ ಕಡೀರಿ."

ಅಂಬಾದಾಸ ಕಡಿದ. ಬಗ್ಗಿಸಿದ. ತುದಿಗೆ ತುದಿ ಬಂದು ಕೂತಿತು. ನಡುವೆ ಉಗುರು ತೂರಿಸಲು ನೋಡಿದ, ತೂರಲಿಲ್ಲ.

"ಇಷ್ಟು ವರ್ಷ ಅಕಿ ನನಗ ಹೇಳಲೇ ಇಲ್ಲಲ್ಲ," ಅಂದ, ಯಾರಿಗೋ ಎಂಬಂತೆ.

"ನೀವು ಯಾವತ್ತರ ಕೇಳಿದ್ರೇನು, ಕಾಕಾ?"

ಬಸಲಿಂಗಮ್ಮ ಚೆಂಡುಹೂವಿನ ಬುಟ್ಟಿ ಮುಂದೆ ತಂದಿಟ್ಟಳು. ಹೂ ಹೆಣೆದದ್ದಾಯಿತು. ಹೊರುವವರು ಕುರ್ಚಿಗೆ ಕೈ ಹಾಕಿದರು.

"ತಡೀರಿ!" ಅಂಬಾದಾಸ ತನ್ನ ಚಾವಿಯ ತುಕ್ಕನ್ನು ಲುಂಗಿಯ ಅಂಚಿನಿಂದ ತಿಕ್ಕಿ ತಿಕ್ಕಿ ಒರೆಸಿದ. ಎರಡೂ ಕೈಯಲ್ಲಿ ಹಿಡಿದು ಸಾಬಮ್ಮನ ತೊಡೆಯ ಮೇಲಿಟ್ಟ. "ಈಗ ಎತ್ರಿ. ಮಿಸ್ತ್ರಿ ಹೊಂಟಾಳ, ಸಾವಕಾಶ."

ಎತ್ತಿದರು. ಅವಳ ತಲೆಯ ಹಿಂದೆ ಹಳದಿ ಹೂವಿನ ಸುತ್ತು, ಎಲ್ಲಿ ಶುರು ಎಲ್ಲಿ ಕೊನೆ ಎಂದು ತಿಳಿಯದಂತೆ, ಗಲ್ಲಿಯ ಜನರ ತಲೆಗಳ ಮೇಲೆ ತೇಲುತ್ತ ಹೋಯಿತು. ಶೆಡ್ಡಿನ ಬಾಗಿಲಲ್ಲಿ ಮೊದಲ ಸರಳು ಬಾಯಿ ತೆರೆದುಕೊಂಡೇ ಬಿದ್ದಿತ್ತು.