ಹಗ್ಗದ ಈಚೆ ತುದಿ

ನಮ್ಮ ಕರಾವಳಿಯವರು ನಾಲ್ಕು ಜನ ಸೇರಿದ ಕಡೆ ಎದೆಮಟ್ಟ ನೀರು ಇದ್ದರೆ ಸಾಕು, ಉಸಿರು ಕಟ್ಟುವ ಪಂಥ ಶುರುವಾಗಿಯೇ ಆಗುತ್ತದೆ. ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆ ಅಂತ. ಗೆದ್ದವನಿಗೆ ಏನೂ ಸಿಗುವುದಿಲ್ಲ, ಮೂಗಿಗೆ ನೀರು ಹೋಗಿ ವಾರವಿಡೀ ಸೀನುವ ಭಾಗ್ಯ ಒಂದು ಬಿಟ್ಟರೆ. ಆದರೂ ಬಿಡುವವರು ಯಾರು?

ಬಹರೈನಿನ ಬುದಯ್ಯದಲ್ಲಿ ಉಮಾವತಿ ಇದ್ದ ಕಾಂಪೌಂಡಿನಲ್ಲೂ ಅದೇ ಕಥೆ. ಮನೆಗಳ ನಡುವೆ ಒಂದು ಈಜುಕೊಳ. ಶುಕ್ರವಾರ ಮಧ್ಯಾಹ್ನ ಬಿರಿಯಾನಿ ಇಳಿಯುವ ಮೊದಲೇ ನಮ್ಮ ಕಡೆಯ ಗಂಡಸರೆಲ್ಲ ಅದರ ಸುತ್ತ. ಎಲ್ಲರಿಗಿಂತ ಮುಂದೆ ಉಮಾವತಿಯ ಗಂಡ ವಸಂತಕುಮಾರ.

ವಸಂತಕುಮಾರನಿಗೆ ಮೀನಾ ಸಲ್ಮಾನ್ ಬಂದರಿನಲ್ಲಿ ಅಂಗಡಿ. ದೋಣಿ, ಹಡಗುಗಳಿಗೆ ಹಗ್ಗ, ಲಂಗರು, ಬಣ್ಣ ಮಾರುತ್ತಾನೆ. ಹಗ್ಗ ಎಷ್ಟು ಉದ್ದವೋ ಅದಕ್ಕಿಂತ ಅವನ ಮಾತು ಉದ್ದ. ಪ್ರಾಯದಲ್ಲಿ ಊರಿನ ಕಡಲತೀರ ಸೋಮೇಶ್ವರದ ಬಂಡೆಗಳ ಬುಡದಲ್ಲಿ ಮುಳುಗಿ, ಉಳಿಯಿಂದ ಪಚ್ಚಿಲೆ ಕೀಳುತ್ತಿದ್ದವನು. ಪಚ್ಚಿಲೆ ಎಂದರೆ ಬಂಡೆಗೆ ಅಂಟಿಕೊಂಡಿರುವ ಚಿಪ್ಪುಮೀನು, ಸುಕ್ಕ ಮಾಡಿದರೆ ಹೊಟ್ಟೆಯಲ್ಲಿ ಜಾಗ ಇಲ್ಲದವನೂ ಎದ್ದು ಬಂದು ಕೂರುತ್ತಾನೆ.

"ಬೆಳಿಗ್ಗೆ ಗಂಜಿ ಉಂಡು ಮುಳುಗಿದವ ನಾನು," ಎಂದು ವಸಂತಕುಮಾರ ಶುರುಮಾಡುತ್ತಿದ್ದ. "ಮೇಲೆ ಬರುವಾಗ ಶಾಲೆ ಬಿಟ್ಟಿತ್ತು ಮಾರಾಯ್ರೆ! ಮೀನುಗಳೆಲ್ಲ ನನ್ನನ್ನು ಹೆಸರು ಹಿಡಿದು ಕರೀತಿದ್ದವು."

ಉಮಾವತಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಸುಮ್ಮನೆ ನಗುತ್ತಿದ್ದಳು. ಈ ಕಥೆಯಲ್ಲಿ ಒಬ್ಬಳು ಬಿಟ್ಟುಹೋಗಿದ್ದಾಳೆ ಎಂದು ಅವಳಿಗೆ ಗೊತ್ತಿತ್ತು. ಹೇಳುತ್ತಿರಲಿಲ್ಲ.

ಅವರಿಗೆ ಒಬ್ಬಳೇ ಮಗಳು, ತನ್ವಿ. ಹೋಟೆಲಿನಲ್ಲಿ ಕೆಲಸ. ರಜೆ ಬಂತೆಂದರೆ ಕಡಲಿಗೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಇಲ್ಲದೆ ಒಂದೇ ಉಸಿರಿನಲ್ಲಿ ಆಳಕ್ಕೆ ಇಳಿಯುವ ವಿದ್ಯೆ ಕಲಿಯುತ್ತಿದ್ದಳು. ಫ್ರೀಡೈವಿಂಗ್ ಅನ್ನುತ್ತಾರೆ. ಈಗ ಅದನ್ನು ಬೇರೆಯವರಿಗೆ ಕಲಿಸುವ ಟೀಚರ್ ಆಗಬೇಕಂತೆ. ಕೊನೆಯ ತರಬೇತಿ ಫೆಬ್ರವರಿಯಲ್ಲಿ, ಆಫ್ರಿಕಾದ ತುದಿಯ ತಣ್ಣಗಿನ ಕಡಲಿನಲ್ಲಿ. ಅಲ್ಲಿಯ ನೀರಿಗೆ ಕೈ ಹಾಕಿದರೆ ಬಳೆಗೂ ನಡುಕ ಬರುತ್ತದಂತೆ.

"ಉಸಿರು ಕಟ್ಟುದಕ್ಕೂ ಒಂದು ಟೀಚರಾ?" ವಸಂತಕುಮಾರ ನಕ್ಕ. "ಇನ್ನು ಸೀನುದಕ್ಕೂ ಕೋರ್ಸ್ ತೆಗೀತಾರೆ ನೋಡು. ನಂಗೆ ಯಾರು ಕಲಿಸಿದ್ದು?"

"ಅಪ್ಪ, ಮುಳುಗುದು ದೊಡ್ಡ ವಿಷಯ ಅಲ್ಲ. ಮುಳುಗಿದವರನ್ನು ವಾಪಸ್ ತರ್ಲಿಕ್ಕೆ ನಾನು ಕಲಿಯುದು."

"ನಾನು ಸಾವಿರ ಸಲ ಒಬ್ಬನೇ ವಾಪಸ್ ಬಂದಿದ್ದೇನೆ."

ತನ್ವಿ ಅಮ್ಮನ ಕಡೆ ತಿರುಗಿದಳು. "ಅಮ್ಮ, ನೀನು ಹೂಂ ಅಂದ್ರೆ ಮಾತ್ರ ಹೋಗ್ತೇನೆ. ನೀನು ಬೇಡ ಅಂದ್ರೆ ಟಿಕೆಟ್ ಮಾಡುದಿಲ್ಲ."

"ಬೇಡ," ಎಂದಳು ಉಮಾವತಿ. ಒಂದೇ ಮಾತು. ಮೀನು ತೊಳೆಯಲು ಎದ್ದುಹೋದಳು.

ಯಾಕೆ ಬೇಡ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಆ ವಾರವೆಲ್ಲ ಕಣ್ಣು ಮುಚ್ಚಿದರೆ ಒಂದೇ ಕನಸು. ಮನೆಯೊಳಗೆ ಸದ್ದಿಲ್ಲದೆ ನೀರು ತುಂಬುತ್ತದೆ. ಕಿಟಕಿಯ ಪರದೆಗಳು ಕಡಲ ಪಾಚಿಯಂತೆ ತೂಗುತ್ತವೆ. ಸ್ಟೀಲಿನ ಲೋಟಗಳು ಬಂಗುಡೆಗಳಾಗಿ ಮಿನುಗುತ್ತ ಅಡುಗೆಮನೆಯಿಂದ ಹೊರಗೆ ಈಜುತ್ತವೆ. ತನ್ವಿ ನೆಲದ ಟೈಲ್ಸ್ ದಾಟಿ ಕೆಳಗೆ, ಕೆಳಗೆ, ನೀಲಿಯೊಳಗೆ ಇಳಿಯುತ್ತಾಳೆ. ಉಮಾವತಿಯ ಕೈಯಲ್ಲಿ ಒಂದು ಹಗ್ಗ. ಆಚೆ ತುದಿಯಿಂದ ಒಂದು ಎಳೆತ ಬರಬೇಕು. ಬರುವುದಿಲ್ಲ. ಎಚ್ಚರಾದಾಗ ಅವಳ ಮುಷ್ಟಿ ಬಿಗಿದೇ ಇರುತ್ತಿತ್ತು.

ನವೆಂಬರ್ ಕೊನೆಯ ಶುಕ್ರವಾರ. ಹಿತವಾದ ಬಿಸಿಲು. ಕೊಳದ ನೀರು ಹಸಿರು ಗಾಜಿನಂತೆ ಮಲಗಿತ್ತು. ವಸಂತಕುಮಾರನನ್ನು ಯಾರೋ ಕೆಣಕಿದರು, ವಯಸ್ಸಾಯಿತು ಅಂತ. ಸಾಕಲ್ಲ! ಅಂಗಿ ಬಿಚ್ಚಿದ, ನೀರಿಗಿಳಿದ, ಫೂ ಫೂ ಎಂದು ಬಡಬಡ ಉಸಿರು ಬಿಡತೊಡಗಿದ. ಆ ಗಾಳಿಗೆ ಪಕ್ಕದ ಮನೆಯ ಒಗೆದ ಬಟ್ಟೆ ಒಣಗಿತೆಂದು ಈಗಲೂ ಹೇಳುತ್ತಾರೆ.

"ಅಪ್ಪ, ಹಾಗೆ ಜೋರು ಉಸಿರು ಬಿಡ್ಬಾರ್ದು!" ತನ್ವಿ ಅಡುಗೆಮನೆಯ ಬಾಗಿಲಿನಿಂದ ಕೂಗಿದಳು. ಅಷ್ಟರಲ್ಲಿ ಅಪ್ಪ ಮುಳುಗಿಯಾಗಿತ್ತು.

ಚಪ್ಪಾಳೆ ಬಿತ್ತು. ಒಬ್ಬ ಮೊಬೈಲಿನಲ್ಲಿ ಹಿಡಿಯುತ್ತಿದ್ದ. ಆಮೇಲೆ ಮಾತು ಕ್ರಿಕೆಟಿಗೆ ಹೋಯಿತು, ಕ್ರಿಕೆಟಿನಿಂದ ಬಿರಿಯಾನಿಗೆ. ಉಮಾವತಿ ಅರೆಗಣ್ಣಿನಲ್ಲಿ ಕೂತಿದ್ದಳು. ಬಾಯಿಯಲ್ಲಿ ಏನೋ ಗುನುಗು. ತಾಯಿ ಅವಳನ್ನು ಮಲಗಿಸುವಾಗ ಹಾಡುತ್ತಿದ್ದ ಲಾಲಿ ಅದು. ತಾನು ಗುನುಗುತ್ತಿರುವುದೇ ಅವಳಿಗೆ ಗೊತ್ತಿರಲಿಲ್ಲ. ಹಾಡು ಮುಗಿಯಿತು.

ಹಾಡು ಮುಗಿಯಿತು, ಕೈ ತಾನಾಗಿ ಮುಷ್ಟಿ ಬಿಗಿದು ಎಳೆಯಿತು. ಬೆರಳುಗಳಿಗೆ ಸಿಕ್ಕಿದ್ದು ಬರೀ ಗಾಳಿ.

"ತನೂ! ಅಪ್ಪ ಬರ್ಲಿಲ್ಲ!"

ಗಂಡಸರು ನಕ್ಕರು. "ಉಮಕ್ಕ, ಈಗಷ್ಟೇ ಹೋದದ್ದು. ವಸಂತಣ್ಣ ಶಾಲೆ ಬಿಡುವಾಗ ಬರ್ತಾರೆ!"

ತನ್ವಿ ನಗಲಿಲ್ಲ. ಉಟ್ಟ ಬಟ್ಟೆಯಲ್ಲೇ ಹಾರಿದಳು. ಕೊಳದ ತಳದಲ್ಲಿ ವಸಂತಕುಮಾರ ಕೈ ಚಾಚಿ ಬೋರಲಾಗಿ ನಿದ್ದೆ ಹೋದವನಂತೆ ಬಿದ್ದಿದ್ದ. ಒದ್ದಾಟ ಇಲ್ಲ, ಗುಳ್ಳೆ ಇಲ್ಲ, ಸದ್ದಿಲ್ಲ. ಮಗಳು ಅವನ ಗಲ್ಲ ಹಿಡಿದು ಮುಖ ನೀರಿನ ಮೇಲೆ ತಂದಳು. ತುಟಿ ನೇರಳೆ ಹಣ್ಣಾಗಿತ್ತು. ಕೆನ್ನೆ ತಟ್ಟಿದಳು, ಮುಖಕ್ಕೆ ಊದಿದಳು. "ಅಪ್ಪ, ಉಸಿರು ತಗೊಳ್ಳಿ! ಉಸಿರು!"

ಒಂದು ಗಳಿಗೆ ಏನೂ ಇಲ್ಲ. ಉಮಾವತಿಗೆ ಇಡೀ ಬಹರೈನ್ ನೀರಡಿಗೆ ಹೋದಂತೆ ಕಂಡಿತು.

ಆಮೇಲೆ ಗೊರ್ ಎಂದು ಉಸಿರು ಬಂತು. ವಸಂತಕುಮಾರ ಕಣ್ಣು ಬಿಟ್ಟ. ಕೇಳಿದ ಮೊದಲ ಮಾತು: "ಗೆದ್ದೆನಾ?"

ಉಮಾವತಿ ಅವನ ಬೆನ್ನಿಗೆ ಒಂದು ಕೊಟ್ಟಳು. ಆ ಸದ್ದು ಸಮುದ್ರದಾಚೆ ಸೌದಿಗೂ ಕೇಳಿರಬೇಕು.

ಪಕ್ಕದ ಮನೆಯ ಮುಹ್ಸಿನಾ ಓಡಿ ಬಂದಳು. ಉಳ್ಳಾಲದ ಹುಡುಗಿ, ನರ್ಸು, ತನ್ವಿಯ ಜತೆಗೇ ಕಡಲಿಗೆ ಇಳಿಯುವವಳು. "ವಸಂತಣ್ಣ, ಏಳಿ, ಆಸ್ಪತ್ರೆಗೆ ಹೋಗುವ."

"ನಂಗೇನಾಗಿದೆ? ಸ್ವಲ್ಪ ನಿದ್ದೆ ಬಂತು ಅಷ್ಟೆ."

"ಹೌದು, ಅದೇ ನಿದ್ದೆಯಿಂದ ಎಷ್ಟು ಜನ ಏಳ್ಲೇ ಇಲ್ಲ ಗೊತ್ತುಂಟಾ? ಎದೆಗೆ ನೀರು ಹೋಗಿದ್ರೆ ಈಗ ಗೊತ್ತಾಗುದಿಲ್ಲ, ಆಮೇಲೆ ಕಷ್ಟ. ಹೊರಡಿ."

ಕಾರಿನಲ್ಲಿ ಉಮಾವತಿ ಕೇಳಿದಳು, "ಅಲ್ಲ ಮುಹ್ಸಿನಾ, ಉಸಿರು ಬೇಕು ಅನಿಸಿದ್ರೆ ಮನುಷ್ಯ ಮೇಲೆ ಬರುದಿಲ್ವಾ?"

"ಉಮಕ್ಕ, ಉಸಿರು ಬೇಕು ಅಂತ ಒಳಗೊಂದು ಗಂಟೆ ಹೊಡೀತದೆ. ಮೈಯೊಳಗೆ ಕೆಟ್ಟ ಗಾಳಿ ತುಂಬಿದಾಗ ಆ ಗಂಟೆ. ಇವರು ಫೂ ಫೂ ಮಾಡಿ ಆ ಗಾಳಿಯನ್ನೆಲ್ಲ ಮೊದಲೇ ಹೊರಗೆ ಹಾಕಿದ್ರು. ಗಂಟೆ ಹೊಡೀಲೇ ಇಲ್ಲ. ಒಳ್ಳೆ ಗಾಳಿ ಮುಗೀತು, ಸೀದಾ ಕರೆಂಟೇ ಹೋಯ್ತು."

"ನಾನು ಊರಲ್ಲೂ ಹೀಗೇ ಮಾಡ್ತಿದ್ದೆ," ವಸಂತಕುಮಾರ ಹಿಂದಿನ ಸೀಟಿನಿಂದ ಗೊಣಗಿದ. "ಆಗ ಎಂತದೂ ಆಗ್ಲಿಲ್ಲ."

ಉಮಾವತಿ ತಿರುಗಿ ಅವನನ್ನು ನೋಡಿದಳು. "ಆಗ ನಿಮ್ಮ ಸೊಂಟದಲ್ಲಿ ಹಗ್ಗ ಇತ್ತು. ಬಂಡೆ ಮೇಲೆ ನಾನಿದ್ದೆ."

ವಸಂತಕುಮಾರನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಉಮಾವತಿ ಬಿಡಲಿಲ್ಲ.

"ಹೊಸದಾಗಿ ಮದುವೆಯಾದವಳು. ಜನ ಎಲ್ಲ ನಗ್ತಿದ್ರು, ಗಂಡನನ್ನು ದನದ ಹಾಗೆ ಕಟ್ಟಿದ್ದಾಳೆ ಅಂತ. ನೀವು ಮುಳುಗಿದ ಕೂಡ್ಲೆ ನಾನು ಅಮ್ಮನ ಹಾಡು ಹೇಳ್ತಿದ್ದೆ. ಹಾಡು ಮುಗೀವಷ್ಟರಲ್ಲಿ ಬರ್ಲಿಲ್ಲ ಅಂದ್ರೆ ಎಳೀತಿದ್ದೆ. ಎಷ್ಟು ಸಲ ನೀವು ಮೇಲೆ ಬಂದು ಬೈದಿದ್ದೀರಿ, ಯಾಕೆ ಎಳೆದೆ, ಚೀಲ ತುಂಬಿರ್ಲಿಲ್ಲ ಅಂತ. ಒಂದೆರಡು ಸಲ ಬೈಲಿಕ್ಕೂ ನಿಮ್ಗೆ ಶಕ್ತಿ ಇರ್ಲಿಲ್ಲ."

ತನ್ವಿ ಅಮ್ಮನ ಮುಷ್ಟಿಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. "ಅದಕ್ಕೇ ಬೇಡ ಅಂದದ್ದಾ?"

"ಅಲ್ಲಿ ನಿನ್ನ ಹಗ್ಗ ಯಾರು ಹಿಡೀತಾರೆ ಮಗಾ?"

"ಬಂದು ನೋಡು ಅಮ್ಮ. ಒಂದು ದಿನ ನನ್ನ ಜತೆ ದೋಣಿಯಲ್ಲಿ ಬಾ. ನೋಡಿದ ಮೇಲೂ ಬೇಡ ಅಂದ್ರೆ, ಬೇಡ."

ಜನವರಿಯ ಒಂದು ಬೆಳಿಗ್ಗೆ ಉಮಾವತಿ ಹೋದಳು. ಎರಡು ಸ್ವೆಟರ್, ಒಂದು ಶಾಲು, ಗಂಡನ ಟೋಪಿ. ನೋಡಿದವರಿಗೆ ಅಕ್ಕಿಮೂಟೆ ದೋಣಿ ಹತ್ತಿದಂತೆ ಕಂಡಿರಬೇಕು. ಮಂಜು ಕಡಲಿಗೂ ಆಕಾಶಕ್ಕೂ ಗೆರೆಯೇ ಇಲ್ಲದಂತೆ ಮಾಡಿತ್ತು. ದೋಣಿ ನೀರಿನ ಮೇಲಿದೆಯೋ ಮೋಡದ ಮೇಲಿದೆಯೋ ತಿಳಿಯದು. ದೋಣಿಯ ಯಜಮಾನ ಅಬ್ದುಲ್ ಸಲಾಂ ಬಹರೈನಿನವನೇ, ಹಣ್ಣುಹಣ್ಣು ಮುದುಕ, ಹಿಂದಿ ಚೆನ್ನಾಗಿ ಬರುತ್ತಿತ್ತು. ಇಲ್ಲಿಯ ಪದ್ಧತಿಯಂತೆ ಅವಳನ್ನು "ಉಮ್ ತನ್ವಿ", ತನ್ವಿಯ ತಾಯಿ, ಎಂದೇ ಕರೆದ.

ತನ್ವಿ, ಮುಹ್ಸಿನಾ ಇಬ್ಬರೂ ದಪ್ಪ ರಬ್ಬರಿನ ಸೂಟು ತೊಟ್ಟು, ತಲೆಗೂ ರಬ್ಬರಿನದೇ ಟೋಪಿ ಎಳೆದು ಎರಡು ಕರಿ ಮೀನುಗಳಾಗಿದ್ದರು. ತೇಲುವ ಬೋಯಾ ಒಂದರಿಂದ ಹಗ್ಗ ನೇರ ಆಳಕ್ಕೆ ಇಳಿದಿತ್ತು. ಹಗ್ಗ ನೋಡಿ ಉಮಾವತಿಯ ಕೈ ತುರಿಸಿತು.

ಮೊದಲು ಮುಹ್ಸಿನಾ ಇಳಿದಳು. ಫೂ ಫೂ ಇಲ್ಲ, ಗಡಿಬಿಡಿ ಇಲ್ಲ. ಮಲಗಿದ ಮಗುವಿನಂತೆ ಉಸಿರಾಡಿ, ಕೊನೆಗೊಂದು ಉಸಿರು ತುಂಬಿಕೊಂಡು ಹೋದಳು. ತನ್ವಿ ಮೇಲೆಯೇ ಇದ್ದಳು. ಮುಖ ನೀರೊಳಗೆ, ಕಣ್ಣು ಗೆಳತಿಯ ಮೇಲೆ. ಸ್ವಲ್ಪ ಹೊತ್ತಿಗೆ ಅರ್ಧದಾರಿಗೆ ಇಳಿದು ಅವಳನ್ನು ಎದುರುಗೊಂಡಳು. ಇಬ್ಬರೂ ಮುಖಕ್ಕೆ ಮುಖ ಕೊಟ್ಟು ಮೇಲೆ ಬಂದರು. ಮುಹ್ಸಿನಾ ಉಸಿರು ತೆಗೆದುಕೊಂಡು, ಸರಿ ಇದ್ದೇನೆ ಎಂದು ಕೈ ಮಾಡಿದಳು. ತನ್ವಿ ಆಗಲೂ ಕಣ್ಣು ಕೀಳಲಿಲ್ಲ.

"ಬಂದಾಯ್ತಲ್ಲ, ಇನ್ನೆಂತ ನೋಡುದು?" ಉಮಾವತಿ ಕೇಳಿದಳು.

"ಮೇಲೆ ಬಂದ ಮೇಲೂ ಕರೆಂಟ್ ಹೋಗ್ಬಹುದು ಅಮ್ಮ. ಅರ್ಧ ನಿಮಿಷವಾದ್ರೂ ನೋಡ್ತಾ ಇರ್ಬೇಕು."

ಅಬ್ದುಲ್ ಸಲಾಂ ತಲೆದೂಗಿದ. "ಉಮ್ ತನ್ವಿ, ನನ್ನ ಅಜ್ಜ ಮುತ್ತು ತೆಗೆಯಲು ಮುಳುಗುತ್ತಿದ್ದರು. ದೋಣಿಯಲ್ಲಿ ಹಗ್ಗ ಹಿಡಿದವನಿಗೆ ನಾವು ಸೈಬ್ ಅನ್ನುತ್ತೇವೆ. ಸೈಬ್ ಇಲ್ಲದೆ ಯಾರೂ ನೀರಿಗೆ ಇಳಿಯುತ್ತಿರಲಿಲ್ಲ. ಮುಳುಗುವವನ ಜೀವ ಅವನ ಕೈಯಲ್ಲಿ."

"ಹಾಗಾದ್ರೆ ನಾನೂ ಸೈಬ್," ಎಂದಳು ಉಮಾವತಿ. ಮುದುಕ ಎದೆಗೆ ಕೈಯಿಟ್ಟು ತಲೆಬಾಗಿಸಿದ.

ಆಮೇಲೆ ತನ್ವಿಯ ಸರದಿ. ಮಗಳು ಹಗ್ಗದ ಪಕ್ಕದಲ್ಲಿ ಒಂದು ನೆರಳಾಗಿ, ನೆರಳಿನ ನೆನಪಾಗಿ ಇಳಿದುಹೋದಳು. ಉಮಾವತಿ ಹಾಡತೊಡಗಿದಳು. ಮಂಜಿನೊಳಗೆ ಆ ಲಾಲಿ ನೀರಿನ ಮೇಲೆ ಹಾಸಿದ ಬಟ್ಟೆಯಂತೆ ಹರಡಿತು. ಸೋಮೇಶ್ವರದ ಬಂಡೆ ಅವಳ ಕಾಲಡಿಗೆ ತೇಲಿ ಬಂದಂತೆ, ತಾನು ಮತ್ತೆ ಹೊಸ ಮದುಮಗಳಾದಂತೆ. ಆದರೆ ಈ ಸಲ ನೀರೊಳಗೆ ಇನ್ನೊಂದು ಜೊತೆ ಕಣ್ಣು ಕಾದಿತ್ತು, ಮುಹ್ಸಿನಾಳದ್ದು. ಹಾಡಿನ ಕೊನೆಯ ಸಾಲು ಬಾಕಿ ಇರುವಾಗಲೇ ತನ್ವಿ ಮೇಲೆ ಬಂದಳು, ಬೆಚ್ಚಗಿನ ಹಬೆಯಂತೆ ಉಸಿರು ಬಿಡುತ್ತ.

ಮತ್ತೊಂದು ಸಲ ಇಳಿಯಬೇಕಿತ್ತು. ತನ್ವಿ ಮುಹ್ಸಿನಾಳ ಕೈ ನೋಡಿದಳು. ಬೆರಳುಗಳು ನಡುಗುತ್ತಿದ್ದವು.

"ಸಾಕು. ದೋಣಿಗೆ ಹತ್ತು."

"ಇಲ್ಲ ಮಾರಾಯ್ತಿ, ಒಂದೇ ಒಂದು ಸಲ..."

"ಚಳಿ ಹಿಡಿದ ಮೇಲೆ ಒಂದೇ ಒಂದು ಸಲ ಅಂತ ಇಲ್ಲ. ನೀನು ನಡುಗಿದ್ರೆ ನಿಂಗೂ ಡೇಂಜರ್, ನಂಗೂ ಡೇಂಜರ್. ಹತ್ತು."

ಉಮಾವತಿ ಮಗಳನ್ನು ಹೊಸಬಳನ್ನು ನೋಡುವಂತೆ ನೋಡಿದಳು. ಚೀಲ ತುಂಬಲಿಲ್ಲ ಎಂದು ಇವಳು ಬೈಯುವವಳಲ್ಲ. ಸಾಕು ಎನ್ನಲು ಇವಳಿಗೆ ಬರುತ್ತದೆ. ತಾನು ಕನಸಿನಲ್ಲಿ ಇವಳನ್ನು ಹಗ್ಗದ ಆಚೆ ತುದಿಗೆ ಕಟ್ಟಿದ್ದಳು. ಇವಳು ಕಲಿಯುತ್ತಿರುವುದು ಈಚೆ ತುದಿಯ ಕೆಲಸ.

ಶಾಲು ತೆಗೆದು ಇಬ್ಬರಿಗೂ ಸುತ್ತಿ, ಫ್ಲಾಸ್ಕಿನಿಂದ ಶುಂಠಿ ಕಷಾಯ ಬಗ್ಗಿಸಿದಳು. "ಟಿಕೆಟ್ ಮಾಡು," ಎಂದಳು. "ಅಲ್ಲಿ ನಿನ್ನ ಹಗ್ಗ ಹಿಡಿಯುವವರ ಹೆಸರು, ಫೋನ್ ನಂಬರ್ ನಂಗೆ ಬೇಕು. ನಾನು ಮಾತಾಡ್ಬೇಕು."

"ಅವರಿಗೆ ಕನ್ನಡ ಬರುದಿಲ್ಲ ಅಮ್ಮ."

"ನಂಗೆ ಗದರಿಸ್ಲಿಕ್ಕೆ ಯಾವ ಭಾಷೆಯೂ ಬೇಡ."

ಈಗ ಆ ಕಾಂಪೌಂಡಿನಲ್ಲಿ ಶುಕ್ರವಾರದ ಪಂಥ ನಿಂತಿದೆ. ಮಕ್ಕಳು ನೀರಿಗಿಳಿದರೆ ವಸಂತಕುಮಾರ ಕೊಳದ ದಂಡೆಯಲ್ಲಿ ಸೀಟಿ ಹಿಡಿದು ಕೂರುತ್ತಾನೆ. ಪೊಲೀಸರೂ ಅಷ್ಟು ಊದುವುದಿಲ್ಲ. ಪಚ್ಚಿಲೆಯ ಕಥೆ ಮಾತ್ರ ಬಿಟ್ಟಿಲ್ಲ. ಬೆಳಿಗ್ಗೆ ಮುಳುಗಿದವನು ಶಾಲೆ ಬಿಡುವಾಗಲೇ ಮೇಲೆ ಬರುತ್ತಾನೆ. ಆದರೆ ಕಥೆ ಶುರುಮಾಡುವ ಮೊದಲು ಪಕ್ಕದ ಕುರ್ಚಿಯ ಕಡೆ ಕೈ ತೋರಿಸುತ್ತಾನೆ:

"ಆಗ ಬಂಡೆ ಮೇಲೆ ಇವಳು ಕೂತಿದ್ಳು ಮಾರಾಯ್ರೆ. ಅದಕ್ಕೇ ನಾನು ಇವತ್ತು ನಿಮಗೆ ಕಥೆ ಹೇಳುದು."

ಅಣ್ಣಂದಿರೇ, ಅಕ್ಕಂದಿರೇ, ಮಕ್ಕಳೇ, ನಿಮ್ಮ ಉಸಿರು ಆನೆಯಷ್ಟು ದೊಡ್ಡದಿರಬಹುದು, ಆದರೂ ಕೇಳಿ. ಕೊಳವಿರಲಿ, ಕಡಲಿರಲಿ, ಒಬ್ಬರೇ ಉಸಿರು ಕಟ್ಟಿ ಮುಳುಗಬೇಡಿ. ಮುಳುಗುವ ಮೊದಲು ಫೂ ಫೂ ಎಂದು ಊದಬೇಡಿ. ನೀರಲ್ಲಿ ಪಂಥ ಕಟ್ಟಬೇಡಿ. ಒಬ್ಬರು ಕೆಳಗಿದ್ದರೆ ಇನ್ನೊಬ್ಬರು ಮೇಲಿರಲಿ, ಎತ್ತಿ ತರಲು ಗೊತ್ತಿರುವವರು. ಅವರ ಕಣ್ಣು ಮೊಬೈಲಿನ ಮೇಲಲ್ಲ, ನೀರಿನ ಮೇಲೆ. ಮೇಲೆ ಬಂದವರನ್ನೂ ಅರ್ಧ ನಿಮಿಷ ನೋಡುತ್ತಿರಿ. ಚಳಿಗೆ ನಡುಕ ಬಂತೋ, ಆ ದಿನದ ಆಟ ಮುಗಿಯಿತು. ಯಾರಾದರೂ ಸುಮ್ಮನಾದರೆ ಕೂಡಲೇ ಎತ್ತಿ, ಬಹರೈನಿನ ತುರ್ತು ನಂಬರ್ 999ಕ್ಕೆ ಫೋನ್ ಮಾಡಿ, ಎದ್ದು ಕೂತು ನಕ್ಕರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕಲಿಯುವ ಆಸೆ ಇದ್ದರೆ ಕಲಿಸಲು ಗೊತ್ತಿರುವವರ ಹತ್ತಿರ ಕಲಿಯಿರಿ.

ಇವತ್ತು ನೀರಿಗೆ ಇಳಿಯುವ ಮುಂಚೆ ಒಮ್ಮೆ ದಂಡೆಯ ಕಡೆ ತಿರುಗಿ ನೋಡಿ. ನಿಮಗಾಗಿ ಹಾಡುತ್ತ ಕೂತವರು ಯಾರಾದರೂ ಇದ್ದಾರಾ? ಇಲ್ಲದಿದ್ದರೆ ಟವೆಲ್ ಸುತ್ತಿಕೊಂಡು ಮನೆಗೆ ಹೋಗಿ, ಬಿರಿಯಾನಿ ಆರುತ್ತಿದೆ.