ಮೂರರಿಂದ ನಾಲ್ಕು ನನ್ನ ಪಾಳಿ

ದೇವರಿಗೆ ಕಿವಿ ಕೇಳುವುದಿಲ್ಲ ಎಂದು ಯಾರಾದರೂ ಅಂದರೆ ನಾನು ಜಗಳಕ್ಕೇ ನಿಲ್ಲುತ್ತಿದ್ದೆ. ಹದಿನಾಲ್ಕು ತಿಂಗಳು ನನ್ನ ಗಂಡ ಮೋನಪ್ಪನವರ ಜೊತೆ ಜಗಳಕ್ಕೆ ನಿಂತದ್ದೂ ಅದಕ್ಕೇ. ಊರು ಬಿಟ್ಟು ಬಂದ ಈ ತಮಿಳು ಸೀಮೆಯಲ್ಲಿ, ಪುರಸೈವಾಕ್ಕಂನ ಹೋಟೆಲಿನಲ್ಲಿ ದಿನವಿಡೀ ದೋಸೆ ಹುಯ್ದು ಮನೆಗೆ ಬಂದವರು ಅಂಗಿ ಬಿಚ್ಚುತ್ತಲೇ ಕೆಣಕುತ್ತಿದ್ದರು.

"ಎಂತ ಮಾರಾಯ್ತಿ, ನಿನ್ನ ಯೇಸು ಎಂತ ಹೇಳಿದ? ಊರಲ್ಲಿ ದೈವಕ್ಕೆ ಹೇಳಿಕೊಂಡಿದ್ರೆ ಇಷ್ಟರಲ್ಲಿ ಏನಾದ್ರೂ ಒಂದು ಆಗ್ತಿತ್ತು."

"ಏನಾದ್ರೂ ಒಂದು ಆಗುದು ಬೇಡ. ನಾನು ಕೇಳಿದ್ದೇ ಆಗ್ಬೇಕು," ಎನ್ನುತ್ತಿದ್ದೆ.

ನಾನು ಕೇಳುತ್ತಿದ್ದದ್ದು ಒಂದು ಹೃದಯ. ಮಗಳು ಪ್ರಣಮ್ಯಾಗೆ ಹತ್ತೊಂಬತ್ತು ವರ್ಷ. ಯಾವುದೋ ಹಾಳು ಜ್ವರ ಬಂತು, ಹೋಗುವಾಗ ಅವಳ ಹೃದಯದ ಶಕ್ತಿಯನ್ನೆಲ್ಲ ತೆಗೆದುಕೊಂಡು ಹೋಯಿತು. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ತುಟಿ ನೀಲಿಯಾಗುತ್ತದೆ. ಬೇರೆಯವರ ಹೃದಯ ಹಾಕದೆ ಗತಿಯಿಲ್ಲ ಎಂದು ಡಾಕ್ಟರು ಅವಳ ಹೆಸರನ್ನು ಪಟ್ಟಿಗೆ ಸೇರಿಸಿದ್ದರು. ಈ ಬೇಸಿಗೆ ದಾಟುವುದು ಕಷ್ಟ ಎಂದು ಮೊನ್ನೆ ಮೊನ್ನೆ ಹೇಳಿದರು.

ನನ್ನನ್ನು ಪ್ರಾರ್ಥನೆಗೆ ಕರೆದವಳು ಎದುರು ಮನೆಯ ಕಿರುಬಾ. ತಮಿಳು ಕ್ರೈಸ್ತರ ಹೆಂಗಸು. ನನಗಿಂತ ಎರಡು ವರ್ಷ ಚಿಕ್ಕವಳು, ಬಾಯಿ ತುಂಬಾ ಅಕ್ಕಾ ಎನ್ನುತ್ತಾಳೆ. ಕೊಡುವವರೆಗೂ ಬಿಡಬಾರದು, ಕೇಳುತ್ತಲೇ ಇರಬೇಕು ಎಂದು ಕಲಿಸಿದ್ದು ಅವಳೇ. ಶುಕ್ರವಾರ ಒಂದು ಗುಟುಕು ಕಾಫಿಯನ್ನೂ ಕುಡಿಯದೆ ಉಪವಾಸವಿದ್ದು, ನಮ್ಮ ಮನೆಯ ನೆಲದ ಮೇಲೆ ಮೊಣಕಾಲೂರಿ ಬೇಡುತ್ತಿದ್ದಳು: "ಆಂಡವರೇ, ಎಂಗ ಪ್ರಣಮ್ಯಾವುಕ್ಕು ಒರು ಇದಯಂ ಕುಡುಂಗ." ದೇವರೇ, ನಮ್ಮ ಪ್ರಣಮ್ಯಾಗೆ ಒಂದು ಹೃದಯ ಕೊಡು. ಒಡಹುಟ್ಟಿದವರು ಯಾರೂ ನನಗೆ ಅಷ್ಟು ಮಾಡಿಲ್ಲ.

ಆದರೆ ಹೃದಯವೇನು ಮರದಲ್ಲಿ ಬಿಡುತ್ತದೆಯೇ? ಒಂದು ದಿನ ಬಟ್ಟೆ ಒಣಹಾಕುವಾಗ ಆಂಬ್ಯುಲೆನ್ಸಿನ ಸದ್ದು ಕೇಳಿತು. ಅಯ್ಯೋ ಪಾಪ ಎನ್ನುವ ಮೊದಲು, ಒಳಗಿರುವವರಿಗೆ ವಯಸ್ಸೆಷ್ಟಿರಬಹುದು ಎಂದು ನನ್ನ ಮನಸ್ಸು ಕೇಳಿತು. ಛೀ, ನನ್ನ ಜನ್ಮಕ್ಕಿಷ್ಟು ಎಂದು ಉಗಿದುಕೊಂಡೆ. ಅವತ್ತಿನಿಂದ ಆ ಸದ್ದು ಬಂದಾಗಲೆಲ್ಲ ಕೈಕೆಲಸ ನಿಲ್ಲಿಸಿ ಕಿವಿಗೊಡುತ್ತಿದ್ದೆ. ಪ್ರಾರ್ಥನೆಯನ್ನಂತೂ ನಿಲ್ಲಿಸಲಿಲ್ಲ.

ಮೊನ್ನೆ ಮಂಗಳವಾರ ಬೆಳಿಗ್ಗೆ ಪೆರುಂಗುಡಿಯ ಆಫೀಸಿಗೆ ಹೊರಟಿದ್ದ ಕಿರುಬಾಳ ಒಬ್ಬನೇ ಮಗ ಜೆಬಿನ್‌ನ ಬೈಕಿಗೆ ನೀರಿನ ಲಾರಿ ಗುದ್ದಿತು. ಇಪ್ಪತ್ತನಾಲ್ಕರ ಹುಡುಗ. ಪೆಟ್ಟು ಬಿದ್ದದ್ದು ತಲೆಗೆ, ಮೈಮೇಲೆ ಒಂದು ಗೀರೂ ಇಲ್ಲ. ಸೇರಿಸಿದ್ದು ಪ್ರಣಮ್ಯಾಳ ಹೆಸರಿರುವ ಆಸ್ಪತ್ರೆಗೇ. ಸುದ್ದಿ ಕೇಳಿ ನಾನು ಎದೆ ಬಡಿದುಕೊಂಡು ಅತ್ತೆ, ಸುಳ್ಳಲ್ಲ. ಅಳುವಾಗಲೇ, ಬೇಡವೆಂದರೂ, ದೀಪಾವಳಿ ಹೊತ್ತಿಗೆ ಅವನು ಪ್ರಣಮ್ಯಾಗೆ ರಕ್ತ ಕೊಟ್ಟದ್ದು ನೆನಪಾಯಿತು. "ಸೇಮ್ ಗ್ರೂಪ್ ಆಂಟಿ, ಎಷ್ಟು ಬೇಕಾದ್ರೂ ತಗೊಳ್ಳಿ" ಎಂದು ತಮಿಳಿನಲ್ಲಿ ಹೇಳಿ ನಕ್ಕಿದ್ದ.

ಗುರುವಾರ ಕಿರುಬಾಳ ಮನೆಯಲ್ಲಿ ಸಂಗಿಲಿ ಜೆಬ ಇಟ್ಟರು. ಸರಪಳಿಯ ಹಾಗೆ ಗಂಟೆಗೊಬ್ಬರು ಪ್ರಾರ್ಥಿಸುವುದು, ನಡುವೆ ಎಲ್ಲೂ ತುಂಡಾಗಬಾರದು. ಮಧ್ಯಾಹ್ನ ಮೂರರಿಂದ ನಾಲ್ಕು ನನ್ನ ಪಾಳಿ. ಆಸ್ಪತ್ರೆಯಲ್ಲಿ ಬೆಳಿಗ್ಗೆ, ಸಂಜೆ ಮಾತ್ರ ಒಳಗೆ ಬಿಡುವುದರಿಂದ ಗಂಡನನ್ನು ಅಲ್ಲಿ ಬಿಟ್ಟು ಕಿರುಬಾ ಮನೆಗೆ ಬಂದಿದ್ದಳು. ನನ್ನ ಪಕ್ಕದಲ್ಲೇ ಮೊಣಕಾಲೂರಿದಳು. ಹಿಂದೆ ಇನ್ನೂ ಐದಾರು ಹೆಂಗಸರು.

ನನ್ನ ತಮಿಳು ತರಕಾರಿ ಅಂಗಡಿಗೆ ಸಾಕು, ದೇವರಿಗೆ ಸಾಲದು. ಯಾವತ್ತೂ ನಾನು ಕನ್ನಡದಲ್ಲೇ ಪ್ರಾರ್ಥಿಸುವುದು, ಅವರು ಅರ್ಥವಾದಷ್ಟಕ್ಕೆ ಆಮೆನ್ ಎನ್ನುವುದು.

"ಜೆಬಿನನ ತಲೆ ಮೇಲೆ ಕೈ ಇಡು ಕರ್ತನೇ. ಅವ ಎದ್ದು ಕೂರುವ ಹಾಗೆ ಮಾಡು," ಎಂದು ಶುರು ಮಾಡಿದೆ. ಅರ್ಧ ಗಂಟೆ ಹಾಗೇ ಸಾಗಿತು. ಆಮೇಲೆ ಬೆಳಿಗ್ಗೆ ನೋಡಿದ ಪ್ರಣಮ್ಯಾಳ ತುಟಿ ಕಣ್ಣಿಗೆ ಬಂತು. ನಾಲಗೆ ನನ್ನ ಮಾತು ಕೇಳಲಿಲ್ಲ.

"ಇನ್ನು ಯಾಕೆ ಎಳೆಯುದು ಕರ್ತನೇ? ತೀರಿಹೋಗಲಿ. ಬೇಗ ತೀರಿಹೋಗಲಿ."

ನೋವು ತೀರಲಿ ಅಂದೆನೆಂದು ಯಾರ ಮುಂದೆ ಬೇಕಾದರೂ ವಾದಿಸಬಹುದು, ನನ್ನ ಮುಂದೆ ಆಗುವುದಿಲ್ಲ. ನಮ್ಮಲ್ಲಿ ತೀರಿಹೋಗುವುದೆಂದರೆ ಸಾಯುವುದು. ನಾನು ಹೇಳಿದ್ದು ಅದನ್ನೇ, ಆ ಹುಡುಗನನ್ನೇ. ತಮಿಳಿನವರಿಗೋ, ರೋಗ ವಾಸಿಯಾದರೂ ತೀರಿತು, ಕಷ್ಟ ಕಳೆದರೂ ತೀರಿತು.

ಕಿರುಬಾ ಎರಡೂ ಕೈ ಮೇಲೆತ್ತಿದಳು. "ತೀರಟ್ಟುಂ ಆಂಡವರೇ! ತೀರಟ್ಟುಂ!" ತೀರಲಿ ದೇವರೇ, ತೀರಲಿ ಎಂದು ಕೂಗಿದಳು. ಹಿಂದಿನವರೂ ದನಿ ಸೇರಿಸಿದರು. ಹೆತ್ತ ತಾಯಿ ನನ್ನ ಮಾತಿಗೆ ಆಮೆನ್, ಆಮೆನ್ ಎನ್ನುತ್ತಾ ನೆಲಕ್ಕೆ ಹಣೆ ಹಚ್ಚಿದಳು.

ಇಷ್ಟು ದಿನ ಯಾರದೋ ಸಾವನ್ನು ಒಳಗೊಳಗೇ ಒಬ್ಬಳೇ ಕೇಳುತ್ತಿದ್ದೆ, ಈಗ ಮನೆಯಿಡೀ ಕೇಳುತ್ತಿತ್ತು.

"ಬೇಡ, ಬೇಡ! ಕೇಳಿಸಿಕೊಳ್ಳಬೇಡ ಮಾರಾಯಾ. ಹದಿನಾಲ್ಕು ತಿಂಗಳು ನನ್ನ ಮಾತು ಕೇಳದವ ಇವತ್ತೊಂದು ದಿನ ಕೇಳಬೇಡ. ನಿನ್ನ ಕಾಲು ಹಿಡೀತೇನೆ." ಅದನ್ನೇ ಹೇಳಿದೆ, ಮತ್ತೆ ಅದನ್ನೇ ಹೇಳಿದೆ. ನಾಲ್ಕು ಹೊಡೆಯಿತು. ಮುಂದಿನ ಪಾಳಿಯ ಹೆಂಗಸು ಭುಜ ಮುಟ್ಟಿದಳು. ನಾನು ಜಾಗ ಬಿಡಲಿಲ್ಲ. ಅಷ್ಟು ಹಟದಿಂದ ಮಗಳಿಗಾಗಿಯೂ ನಾನು ಬೇಡಿರಲಿಲ್ಲ.

ನಾಲ್ಕೂ ಇಪ್ಪತ್ತಕ್ಕೆ ಕಿರುಬಾಳ ಫೋನು ಬಡಿದುಕೊಂಡಿತು. ಆಸ್ಪತ್ರೆಯಿಂದ ಅವಳ ಗಂಡ. ಡಾಕ್ಟರು ಮಾತಾಡಬೇಕಂತೆ, ಈಗಲೇ ಬರಬೇಕಂತೆ. ಮೂರು ದಿನದಲ್ಲಿ ಮೊದಲ ಸಲ ಅವಳ ಮುಖ ಅರಳಿತು.

"ಪಾತ್ತೀಂಗಳಾ ಅಕ್ಕಾ? ಎಲ್ಲಾಂ ಉಂಗ ಜೆಬಂ!" ನೋಡಿದಿರಾ ಅಕ್ಕಾ, ಎಲ್ಲ ನಿಮ್ಮ ಪ್ರಾರ್ಥನೆ ಎಂದು ನನ್ನ ಮಣಿಕಟ್ಟು ಹಿಡಿದವಳು ಆಟೋದಲ್ಲೂ ಬಿಡಲಿಲ್ಲ. ಜೆಬಿನ್ ಕಣ್ಣು ಬಿಟ್ಟಿರುತ್ತಾನೆ, ಅಮ್ಮಾ ಅಂದಿರುತ್ತಾನೆ ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದಳು. ನಾನು ಹೂಂಗುಟ್ಟಿದೆ.

ಡಾಕ್ಟರ ಕೋಣೆಯ ಹೊರಗೆ ಫೈಲು ಹಿಡಿದು ನಿಂತಿದ್ದವಳು ಸುಮೇಧಾ. ಅಂಗಾಂಗ ದಾನದ ವಿಭಾಗದವಳು, ಮೈಸೂರಿನ ಹುಡುಗಿ. ಪ್ರಣಮ್ಯಾ ಪಟ್ಟಿಗೆ ಸೇರಿದಂದಿನಿಂದ ನನಗೆ ಕನ್ನಡದಲ್ಲಿ ಧೈರ್ಯ ಹೇಳುತ್ತಿದ್ದವಳು ಅವಳೇ. ಅವಳು ಅಲ್ಲಿ ನಿಂತಿದ್ದಾಳೆಂದರೆ ಏನರ್ಥವೆಂದು ನನಗೆ ಗೊತ್ತು, ಕಿರುಬಾಗೆ ಗೊತ್ತಿಲ್ಲ. ಕೊಡುವ ಮನೆಯವರಿಗೂ ಪಡೆಯುವ ಮನೆಯವರಿಗೂ ಒಬ್ಬರ ಗುರುತು ಒಬ್ಬರಿಗೆ ತಿಳಿಯಬಾರದು ಎಂದು ಹಿಂದೆ ಹೇಳಿದ್ದವಳು ಅವಳೇ. ನಮ್ಮಿಬ್ಬರ ಕೈ ನೋಡಿ ಸುಮೇಧಾಳ ಮುಖ ಬಿಳಿಚಿತು.

"ವಿಮಲಮ್ಮಾ, ಇವ್ರು ನಿಮಗೆ ಏನಾಗ್ಬೇಕು?"

"ಎನ್ನ ಕೇಕ್ಕುರಾಂಗ ಅಕ್ಕಾ?" ಏನು ಕೇಳುತ್ತಿದ್ದಾರೆ ಎಂದು ಕಿರುಬಾ ನನ್ನ ಬಾಯಿ ನೋಡಿದಳು. ಸುಮೇಧಾ ಬಾಗಿಲು ತೆರೆದು ತಮಿಳಿನಲ್ಲಿ, ತಂದೆ ಒಳಗಿದ್ದಾರೆ, ಈಗ ತಾಯಿ ಮಾತ್ರ ಒಳಗೆ ಬರಬೇಕು ಎಂದಳು.

"ಅಕ್ಕಾವುಂ ವರಟ್ಟುಂ," ಅಕ್ಕನೂ ಬರಲಿ ಎಂದಳು ಕಿರುಬಾ, ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು.